ಪತ್ತನಾಜೆಗೆ ಗೆಜ್ಜೆ ಕಟ್ಟುವವರು

ಮೇ 24ರ ಆಸುಪಾಸಿಗೆ ಪತ್ತನಾಜೆ, ತುಳುನಾಡಿನಲ್ಲಿ ಆಟ ಉತ್ಸವಗಳು ಮುಗಿಯುವ ದಿನ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳಿಗೆ ತೆರೆ ಬೀಳುತ್ತದೆ, ಊರು ಹಪ್ಪಳ ಸಂಡಿಗೆಯನ್ನು ಡಬ್ಬಿಗೆ ತುಂಬಿ ಮಳೆಗೆ ಕಾಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಇನ್ನೊಂದು ಮೇಳ ಗೆಜ್ಜೆ ಕಟ್ಟುತ್ತದೆ. ಅದರ ಹೆಸರು ತುರ್ತು ಕಾಮಗಾರಿ. ತಿರುಗಾಟ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪ್ರಸಂಗ ಒಂದೇ, ರಂಗಸ್ಥಳ ಮಾತ್ರ ಬೇರೆ ಬೇರೆ: ಒಮ್ಮೆ ಶಿರಾಡಿ ಘಾಟಿ, ಒಮ್ಮೆ ಚಾರ್ಮಾಡಿ ಘಾಟಿ, ಒಮ್ಮೆ ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯ ಅಡಿಯಲ್ಲಿ ಹುಟ್ಟುವ ಕೆರೆ.

ಪೀಠಿಕೆಯೂ ಬದಲಾಗುವುದಿಲ್ಲ: ‘ಅನಿರೀಕ್ಷಿತ ಮಳೆಯಿಂದಾಗಿ…’ ಉಡುಪಿ ಸೀಮೆಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವುದು ನನ್ನ ಅಜ್ಜಿಗೂ ಗೊತ್ತಿತ್ತು. ಆಕೆ ಲೆಕ್ಕವನ್ನು ಮಿಲಿಮೀಟರಿನಲ್ಲಿ ಇಡುತ್ತಿರಲಿಲ್ಲ, ಒಣಗದ ಸೀರೆಗಳಲ್ಲಿ ಇಡುತ್ತಿದ್ದಳು, ಅಷ್ಟೇ. ಈಗಿನ ಮಕ್ಕಳಂತೂ ಇನ್ನೂ ಚುರುಕು. 24 ಗಂಟೆಗಳಲ್ಲಿ 204.4 ಮಿಲಿಮೀಟರ್ ದಾಟುವಂಥ ಮಳೆಗೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ಸಂಜೆಯೇ ಎರಡನೆಯ ತರಗತಿಯ ಪೋರ ಜಿಲ್ಲಾಧಿಕಾರಿಗಳ ರಜೆಯನ್ನು ನಂಬಿ ಹೋಮ್‌ವರ್ಕ್ ಕೈಬಿಡುತ್ತಾನೆ. ಮಳೆ ಬರುತ್ತದೆಂದು ಗೊತ್ತಿಲ್ಲದಿರುವುದು ರಸ್ತೆ ಮಾಡುವವರಿಗೆ ಮಾತ್ರ.

ಗೊತ್ತಿಲ್ಲದಿರುವುದರಲ್ಲಿ ಒಂದು ಅನುಕೂಲವೂ ಇದೆಯೆನ್ನಿ. ಸರ್ಕಾರದ ಖರೀದಿ, ಕಾಮಗಾರಿಗಳಿಗೆ ಟೆಂಡರ್ ಕಡ್ಡಾಯ ಮಾಡಿದ 1999ರ ಪಾರದರ್ಶಕತೆ ಕಾಯ್ದೆ ನೈಸರ್ಗಿಕ ವಿಕೋಪದ ಹೊತ್ತಿಗೆ ವಿನಾಯಿತಿಯನ್ನೂ ಕೊಟ್ಟಿದೆ. ಕೊಡಲೇಬೇಕು, ಗುಡ್ಡ ಕುಸಿದು ರಸ್ತೆಯ ಮೇಲೆ ಮಲಗಿದಾಗ ಟೆಂಡರ್ ಲಕೋಟೆ ಒಡೆಯುತ್ತ ಕೂರುವುದಕ್ಕೆ ಆಗುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಮೋರಿ ಸರಿಪಡಿಸಿದರೆ ಅದು ಬರೀ ಕೆಲಸ. ಅದೇ ಮೋರಿಯನ್ನು ಜುಲೈಯಲ್ಲಿ ಸರಿಪಡಿಸಿದರೆ ವಿಪತ್ತು ನಿರ್ವಹಣೆ. ಯಾವುದಕ್ಕೆ ಫೋಟೋ ಬರುತ್ತದೆ ಹೇಳಿ?

ನಮ್ಮ ಮನೆಯ ಹತ್ತಿರದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ರಸ್ತೆಯಡಿ ಅಂಥದ್ದೊಂದು ಮೋರಿ ಇದೆ. ಎರಡು ಕಿಂಡಿ. ಬೇಸಗೆಯಲ್ಲಿ ಬಿದ್ದ ಮಡಲು, ತೆಂಗಿನ ಸಿಪ್ಪೆ, ಯಾರದೋ ಮನೆಯ ಹಳೆಯ ಚಾಪೆ ಎಲ್ಲವೂ ಮೊದಲ ಮಳೆಗೆ ಬಂದು ಆ ಕಿಂಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ದಾರಿ ಸಿಗದ ನೀರು ರಸ್ತೆಯ ಮೇಲೇರಿ ಹರಿಯುತ್ತದೆ, ಮೋರಿಯ ಬೆನ್ನಿಗೆ ತುಂಬಿಸಿದ ಮಣ್ಣನ್ನು ಬಾಚಿಕೊಂಡು ಹೋಗುತ್ತದೆ. ಕಾಂಕ್ರೀಟು ಕಲ್ಲಿನಂತೆ ನಿಂತಿರುತ್ತದೆ. ಅದರ ಮೇಲೆ ಹತ್ತಲು ರಸ್ತೆ ಇರುವುದಿಲ್ಲ.

ಎರಡು ವರ್ಷದ ಹಿಂದೆ ಹೀಗೆ ಆದಾಗ ತುರ್ತು ಮೇಳ ಬಂತು. ಕೊಡೆ ಹಿಡಿದ ಎಂಜಿನಿಯರು, ಕೊಡೆ ಇಲ್ಲದ ನಾಲ್ವರು ಕೆಲಸದವರು, ಒಂದು ಟಿಪ್ಪರ್ ಜಲ್ಲಿ. ಜಡಿಮಳೆಯಲ್ಲೇ ಡಾಂಬರು ಬಿತ್ತು. ಒದ್ದೆ ಜಲ್ಲಿಗೆ ಡಾಂಬರು ಅಂಟುವುದಿಲ್ಲವೆಂಬುದು ದೋಸೆ ಹೊಯ್ಯುವವರಿಗೂ ಹೊಳೆಯುವ ಸಂಗತಿ, ಕಾವಲಿಯಲ್ಲಿ ನೀರು ನಿಂತಿದ್ದರೆ ಹಿಟ್ಟು ಹೊಯ್ಯುತ್ತಾರೆಯೇ? ನಾನು ಕೇಳಿದೆ. ಎಂಜಿನಿಯರು ಬೇಸರಿಸಲಿಲ್ಲ. “ಅಂಟಬೇಕೆಂದು ಹಾಕುವುದಲ್ಲ ಮಾರಾಯರೇ, ಇದು ತಾತ್ಕಾಲಿಕ” ಎಂದರು.

ತಾತ್ಕಾಲಿಕ ಮೂರನೆಯ ದಿನಕ್ಕೆ ತೋಡು ಸೇರಿತು. ಮರುವಾರ ಮರಳುಚೀಲಗಳು ಬಂದವು. ಅಂಚಿಗೆ ಮೂರು ಸಾಲು ಪೇರಿಸಿ, ಮುಂದೆ ‘ನಿಧಾನವಾಗಿ ಚಲಿಸಿ’ ಎಂಬ ಹಲಗೆ ನೆಟ್ಟರು. ಆ ಮಳೆಗಾಲದಲ್ಲಿ ಅಲುಗದೆ ನಿಂತದ್ದು ಹಲಗೆಯ ಕಂಬ. ಅದಕ್ಕೆ ಕಾಂಕ್ರೀಟು ಹಾಕಿದ್ದರು.

ನಮ್ಮವರಿಗೆ ಗಟ್ಟಿ ಕೆಲಸ ಗೊತ್ತಿಲ್ಲವೆಂದಲ್ಲ. ಸೇತುವೆಯ ಕಂಬದ ಬುಡದಲ್ಲಿ ನೆರೆನೀರು ಸುಳಿದು ತಳ ಕೊರೆಯುತ್ತದೆ. ಆ ಕೊರೆತ ಮುಟ್ಟದಷ್ಟು ಆಳಕ್ಕೆ ಬುನಾದಿ ಇಳಿಸಬೇಕು, ಬುಡದ ಮರಳನ್ನು ಯಾರೂ ಹೊರದಂತೆ ಕಾಯಬೇಕು. ಪಾಣೆಮಂಗಳೂರಿನ ಹಳೆಯ ಸೇತುವೆ 1914ರದು. ನೇತ್ರಾವತಿ 1923ರಲ್ಲಿ ಬಂಟ್ವಾಳವನ್ನು ಮುಳುಗಿಸಿದ್ದನ್ನೂ 1974ರಲ್ಲಿ ಮತ್ತೆ ಮುಳುಗಿಸಿದ್ದನ್ನೂ ನಿಂತು ನೋಡಿದ ಸೇತುವೆ ಅದು. ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್‌ನಲ್ಲಿ ಕುಸಿಯಿತು. ಬುಡದ ಮರಳು ತೆಗೆದದ್ದೇ ಕಾರಣವೆಂದು ಊರವರು ದೂರಿದರು. ಮೇಲೆ ಬಣ್ಣ ಬಳಿಯುವುದು ಒಂದು ಇಲಾಖೆ, ಕೆಳಗೆ ಮರಳು ಕಾಯುವುದು ಇನ್ನೊಂದು. ಇಬ್ಬರೂ ಭೇಟಿಯಾಗುವುದು ಸೇತುವೆ ಬಿದ್ದ ಮೇಲೆ, ಪರಿಶೀಲನೆಗೆ ಬಂದಾಗ.

ಈಗ ನಮ್ಮ ಮೋರಿಯ ವರ್ತಮಾನ. ಕಳೆದ ವರ್ಷ ತಾತ್ಕಾಲಿಕ ಚೀಲಗಳನ್ನು ತೆಗೆದು ಶಾಶ್ವತ ತಡೆಗೋಡೆ ಕಟ್ಟುವುದಾಗಿ ಹೇಳಿ ಹೋದವರು ಬರಲಿಲ್ಲ. ಪಕ್ಕದ ಮನೆಯ ಸುಂದರಿಯಕ್ಕ ಸುಮ್ಮನೆ ಇರುವ ಜಾಗವೆಂದು ಚೀಲಗಳ ಸಂದಿಗೆ ನಾಲ್ಕು ಬಸಳೆ ದಂಟು ಊರಿದರು. ಚೀಲ ಹರಿದಲ್ಲೆಲ್ಲ ಬೇರು ಇಳಿಯಿತು, ಹಲಗೆಯ ಕಂಬಕ್ಕೆ ಬಳ್ಳಿ ಹಬ್ಬಿತು; ‘ನಿಧಾನವಾಗಿ’ ಎಂಬಲ್ಲಿ ಈಗ ಎಲೆ, ‘ಚಲಿಸಿ’ ಮಾತ್ರ ಕಾಣುತ್ತದೆ. ಈ ಜೂನ್‌ನ ನೆರೆಗೆ ಎದುರು ಬದಿಯ ಹೊಸ ಜಲ್ಲಿ ಪೂರ್ತಿ ತೊಳೆದುಹೋಯಿತು. ಬಸಳೆಯ ಬದಿ ಅಲುಗಲಿಲ್ಲ.

ಮೊನ್ನೆ ಅದೇ ಎಂಜಿನಿಯರು ಅದೇ ಕೊಡೆಯೊಂದಿಗೆ ಬಂದರು. ಎರಡೂ ಬದಿ ನೋಡಿದರು, ಟೇಪು ಹಿಡಿದು ಅಳೆದರು, ಫೋಟೋ ತೆಗೆದರು. ಸುಂದರಿಯಕ್ಕನಿಗೆ ಗಾಬರಿ, ಸರ್ಕಾರಿ ಜಾಗದಲ್ಲಿ ನೆಟ್ಟದ್ದಕ್ಕೆ ದಂಡ ಹಾಕುತ್ತಾರೇನೋ ಎಂದು ಕತ್ತಿ ಹಿಡಿದು ಓಡಿ ಬಂದರು. “ಈಗಲೇ ಕೊಯ್ದು ತೆಗೆಯುತ್ತೇನೆ ಸರ್” ಎಂದರು.

“ಅಯ್ಯೋ, ಬುಡಕ್ಕೆ ಕೈ ಹಾಕಬೇಡಿ ಅಕ್ಕ” ಎಂದು ಎಂಜಿನಿಯರು ಅಡ್ಡ ನಿಂತರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಆ ಬದಿಗೂ ನಾಲ್ಕು ದಂಟು ಸಿಗಬಹುದೇ?”