ರಾಜ್‌ಕುಮಾರ್‌ಗೆ ಎಷ್ಟು ಎ?

ಹೊಸ ಮೊಬೈಲ್ ತಗೊಂಡಿದ್ದೇ ತಪ್ಪಾಯಿತು. ಹಳೆಯದರಲ್ಲಿ ಬ್ಯಾಂಕಿನ ಆ್ಯಪ್ ನನ್ನ ಹೆಬ್ಬೆಟ್ಟು ಕಂಡರೆ ಸಾಕು, ಬಾಗಿಲು ತೆಗೆಯುತ್ತಿತ್ತು. ಹೊಸದರಲ್ಲಿ ಅದಕ್ಕೆ ನನ್ನ ಪರಿಚಯವೇ ಇಲ್ಲ. ಇವತ್ತು ಸೊಸೈಟಿಯ ಮೆಂಟೇನೆನ್ಸ್ ಕಟ್ಟಲು ಕೊನೇ ದಿನ. ನಾಳೆಯಿಂದ ನಮ್ಮ ಸೆಕ್ರೆಟರಿ ಬಾಕಿ ಇರುವವರ ಫ್ಲ್ಯಾಟ್ ನಂಬರನ್ನು ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕುತ್ತಾರೆ, ಪಕ್ಕದಲ್ಲಿ ಕೈಮುಗಿಯುವ ಇಮೋಜಿ ಸಮೇತ. ಬೈಗುಳ ತಡೆದುಕೊಳ್ಳಬಹುದು, ಆ ಕೈಮುಗಿತ ತಡೆಯಲಾಗದು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಪಾಸ್‌ವರ್ಡ್ ಹಾಕಿದೆ. ಓಟಿಪಿ ಹಾಕಿದೆ. ಆಮೇಲೆ ಅದು ಕೇಳಿತು: ನಿಮ್ಮ ಸಾರ್ವಕಾಲಿಕ ಮೆಚ್ಚಿನ ಸಿನಿಮಾ ನಟ ಯಾರು?

ಹನ್ನೆರಡು ವರ್ಷದ ಹಿಂದೆ ಖಾತೆ ತೆರೆದಾಗ ನಾನೇ ಕೊಟ್ಟ ಉತ್ತರವಂತೆ. ಇದರಲ್ಲಿ ಯೋಚಿಸುವುದೇನಿದೆ? ರಾಜ್‌ಕುಮಾರ್ ಅಂತ ಇಂಗ್ಲಿಷಿನಲ್ಲಿ ಒತ್ತಿದೆ. ತಪ್ಪು. ಆರ್ ಆದಮೇಲೆ ಎರಡು ಎ ಹಾಕಿದೆ. ತಪ್ಪು. ಬರೀ ಹೆಸರು ಹೇಳಿದ್ದಕ್ಕೆ ಕೋಪ ಬಂತೇನೋ ಅಂತ ಮುಂದೆ ಡಾಕ್ಟರ್ ಸೇರಿಸಿದೆ. ಅದೂ ತಪ್ಪು. ಖಾತೆ 24 ಗಂಟೆ ಲಾಕ್, ಬೇಗ ಬೇಕಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅಂದಿತು.

ಫೋನ್ ಮಾಡಿದ್ದು ಡೊಂಬಿವಲಿಯಿಂದ ಮುಂಬಯಿಗೆ ಹೋಗುವ ಎಂಟೂ ಚಿಲ್ಲರೆಯ ಫಾಸ್ಟ್ ಲೋಕಲ್ ರೈಲಿನಲ್ಲಿ. ನನಗೆ ಸಿಕ್ಕಿದ್ದು ಫೋರ್ತ್ ಸೀಟು, ಅಂದರೆ ಒಂದು ಕಡೆ ಬೆಂಚು, ಇನ್ನೊಂದು ಕಡೆ ದೇವರು. ಒಂದರ ಮೇಲೊಂದು ನಂಬರ್ ಒತ್ತಿಸಿ, ಹಾಡು ಕೇಳಿಸಿ, ದಿವಾ ದಾಟಿದ ಮೇಲೆ ಒಂದು ಹುಡುಗಿ ಬಂದಳು. ಹೆಸರು, ಹುಟ್ಟಿದ ದಿನ ಎಲ್ಲ ಸರಿಹೋಯಿತು.

‘ಸರ್, ಆಪ್ ಕಾ ಫೇವರಿಟ್ ಆ್ಯಕ್ಟರ್?’

‘ರಾಜ್‌ಕುಮಾರ್,’ ಅಂದೆ ಮೆಲ್ಲಗೆ. ರಹಸ್ಯ ಪ್ರಶ್ನೆ, ಅಲ್ವಾ?

‘ಜರಾ ಜೋರ್ ಸೇ ಬೋಲಿಯೇ ಸರ್.’

‘ರಾಜ್‌ಕುಮಾರ್!’

ಎದುರಿನ ಸೀಟಿನವರು ಪೇಪರ್ ಕೆಳಗಿಳಿಸಿದರು. ಎರಡು ಬೆರಳು ಗಂಟಲಿಗೆ ಮುಟ್ಟಿಸಿ, ಕಣ್ಣು ಅರ್ಧ ಮುಚ್ಚಿ, ಹಿಂದಿ ನಟ ರಾಜ್‌ಕುಮಾರ್‌ನ ಗತ್ತಿನಲ್ಲಿ ‘ಜಾನೀ...’ ಅಂದರು. ಇಡೀ ಬೆಂಚು ಚಪ್ಪಾಳೆ ತಟ್ಟಿತು. ಆತ ಸಿನಿಮಾಕ್ಕೆ ಬರುವ ಮೊದಲು ಇದೇ ಮುಂಬಯಿಯಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿದ್ದ, ಗೊತ್ತಾ ಅಂತ ನನಗೆ ಪಾಠ ಬೇರೆ. ಆತ ಅಲ್ಲ ಮಾರಾಯ್ರೇ, ನನ್ನದು ಕನ್ನಡದ ರಾಜ್‌ಕುಮಾರ್, ಇನ್ನೂರಕ್ಕೂ ಜಾಸ್ತಿ ಸಿನಿಮಾ, 1995ರ ಫಾಲ್ಕೆ ಪ್ರಶಸ್ತಿ ಅಂದೆ, ಒಂದು ಕಿವಿಯಲ್ಲಿ ಫೋನ್ ಇಟ್ಟುಕೊಂಡೇ. ‘ಅಚ್ಛಾ, ಸೌತ್ ವಾಲಾ,’ ಅಂದರು. ಮತ್ತೆ ಗಂಟಲು ಮುಟ್ಟಿಕೊಂಡು, ‘ಜಾನೀ...’

ಫೋನಿನಲ್ಲಿ ಹುಡುಗಿ, ‘ಸರ್, ಮ್ಯಾಚ್ ನಹೀ ಹೋ ರಹಾ.’

ಇಷ್ಟು ಹೊತ್ತಿಗೆ ಇದು ನನ್ನ ಖಾತೆಯಾಗಿ ಉಳಿದಿರಲಿಲ್ಲ. ಬಾಗಿಲ ಹತ್ತಿರ ನೇತಾಡುತ್ತಿದ್ದವನು ಅಲ್ಲಿಂದಲೇ ಅಮಿತಾಬ್ ಟ್ರೈ ಮಾಡಿ ಅಂದ. ಕಿಟಕಿ ಪಕ್ಕದ ಅಜ್ಜ, ಬ್ಯಾಂಕಿನ ಕೆಲಸಕ್ಕೆ ಮರಾಠಿ ನಟ ಅಶೋಕ್ ಸರಾಫರೇ ಸರಿ, ಅವರೂ ಮೊದಲು ಬ್ಯಾಂಕಿನಲ್ಲಿದ್ದವರು ಅಂದರು. ಒಬ್ಬ ತಮಿಳರು ರಜನಿ ಅಂದರು. ರಜನಿ ಮೂಲತಃ ಮರಾಠಿ ಗಾಯಕವಾಡ್, ನಮ್ಮವರು ಅಂತ ಇನ್ನೊಬ್ಬರು. ಬೆಂಗಳೂರಿನ ಬಸ್ ಕಂಡಕ್ಟರ್, ಹಾಗಾಗಿ ನಮ್ಮವರು ಅಂತ ನಾನೂ ಸುಮ್ನಿರಲಾರದೆ ಬಾಯಿ ಹಾಕಿದೆ. ಫೋನಿನಲ್ಲಿ ಹುಡುಗಿ ಸರ್, ಸರ್ ಅನ್ನುತ್ತಲೇ ಇದ್ದಳು. ಮುಂಬ್ರಾ ಹತ್ತಿರ ಸಿಗ್ನಲ್ ಹೋಯಿತು. ಥಾಣೆಯಲ್ಲಿ ಇಳಿಯುವಾಗ ಗಂಟಲಿನವರು ನನ್ನ ಭುಜ ತಟ್ಟಿ, ‘ಮಿಲ್ ಜಾಯೇಗಾ, ಜಾನೀ,’ ಅಂದರು. ನಗು ಬಂತು, ಸಿಟ್ಟೂ ಬಂತು.

ಈ ಗೊಂದಲ ನನಗೆ ಹೊಸದಲ್ಲ. 2006ರ ಏಪ್ರಿಲ್ 12ರಂದು ಊರಿಂದ ಫೋನ್ ಬಂದಾಗ ಆಫೀಸಿನಲ್ಲಿದ್ದೆ. ನನ್ನ ಮುಖ ನೋಡಿ ಸಾಹೇಬರು ಏನಾಯಿತು ಅಂದರು. ರಾಜ್‌ಕುಮಾರ್ ಹೋದರು ಅಂದೆ. ಅವರು ನನ್ನನ್ನು ಒಂದು ಥರ ನೋಡಿ, ‘ಅವರು ಹೋಗಿ ಹತ್ತು ವರ್ಷ ಆಯ್ತಲ್ಲ!’ ಅಂದರು. ಪಾಪ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಹಿಂದಿಯ ರಾಜ್‌ಕುಮಾರ್ ಹೋಗಿದ್ದು 1996ರಲ್ಲಿ.

ಅಪ್ಪಯ್ಯ ಆಗ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಆವತ್ತು ಬೇಗ ಮನೆಗೆ ಬಂದರು. ಚಪ್ಪಲಿ ಬಿಟ್ಟು ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡರು, ನೆಂಟರು ತೀರಿಕೊಂಡರೆ ಮಾಡುವ ಹಾಗೆ. ಒದ್ದೆ ತಲೆಯಲ್ಲೇ ಮಜ್ಜಿಗೆ ಅನ್ನ ಕಲೆಸಿಕೊಂಡು ತಿಂದರು. ಟಿವಿ ಹಾಕಲು ಬಿಡಲಿಲ್ಲ.

ಹಾಗಾದರೆ ರಾಜ್‌ಕುಮಾರ್ ನನ್ನ ಮೆಚ್ಚಿನ ನಟನೋ ಅಪ್ಪಯ್ಯನ ಮೆಚ್ಚಿನ ನಟನೋ? ದಾದರ್‌ನಲ್ಲಿ ಮೆಟ್ಟಿಲು ಹತ್ತುವಾಗ ಈ ಅನುಮಾನ ಶುರುವಾಯಿತು. ನನಗೆ ನಾನೇ ಆರಿಸಿಕೊಂಡವನು ಶಂಕರ್ ನಾಗ್. 1987ರಲ್ಲಿ ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಬಂದಾಗ ಇಡೀ ಚಾಳು ಒಂದೇ ಟಿವಿ ಮುಂದೆ ಕೂರುತ್ತಿತ್ತು. ಇದರ ಡೈರೆಕ್ಟರ್ ನಮ್ಮವನು ಅಂತ ನಾನು ಕಾಲು ಚಾಚಿ ಜಾಸ್ತಿ ಜಾಗ ಹಿಡಿಯುತ್ತಿದ್ದೆ. ಮೂರೇ ವರ್ಷಕ್ಕೆ ದಾವಣಗೆರೆ ಹತ್ತಿರ ಆ ಅಪಘಾತ. 35 ವರ್ಷ. ಈಗಲೂ ಬೆಂಗಳೂರಿಗೆ ಹೋದರೆ ಆಟೋಗಳ ಹಿಂದೆ ಅವನ ಮುಖ ಕಾಣುತ್ತದೆ. ನಾನು ಐವತ್ತು ದಾಟಿದ್ದೇನೆ, ಅವನು ಇನ್ನೂ ಹುಡುಗ. ಅಣ್ಣ ಅನ್ನುತ್ತಿದ್ದವನನ್ನು ಈಗ ತಮ್ಮ ಅನ್ನಬೇಕೇನೋ.

ಆಫೀಸಿನಿಂದ ಮತ್ತೆ ಫೋನ್ ಮಾಡಿ ಬಾಗಿಲ ಹಿಂದೆ ನಿಂತು ಶಂಕರ್ ನಾಗ್ ಅಂದೆ. ಈ ಸಲ ಬೇರೆ ಹುಡುಗ. ಮ್ಯಾಚ್ ಆಗಲಿಲ್ಲ. ಉತ್ತರ ಅವನ ಕಣ್ಣೆದುರಿಗೇ ಇದೆ, ನನಗೆ ಹೇಳುವಂತಿಲ್ಲ. ನನ್ನ ಇಷ್ಟ ಯಾರು ಅನ್ನೋದು ನನ್ನೊಬ್ಬನನ್ನು ಬಿಟ್ಟು ಬ್ಯಾಂಕಿಗೆಲ್ಲ ಗೊತ್ತಿದೆ. ‘ಆಗ ಏನು ಹೇಳಿದ್ರೋ ಅದನ್ನೇ ಹೇಳಬೇಕು ಸರ್,’ ಅಂದ. ಹನ್ನೆರಡು ವರ್ಷದ ಹಿಂದಿನ ನಾನು ಯಾರು ಅಂತ ಇವನಿಗೆ ಎಲ್ಲಿಂದ ತಂದು ಹೇಳಲಿ?

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿಕೊಂಡೆ. ಹೆಂಡತಿ ಪಲ್ಯ ಬಡಿಸುತ್ತಾ, ‘ಅದು ಅನಂತ್ ನಾಗ್ ಅಲ್ವಾ ಮಾರಾಯ್ರೆ?’ ಅಂದಳು.

‘ಯಾರು ಹೇಳಿದ್ದು?’

‘ನೀವೇ ಅಡುಗೆಮನೆ ಬಾಗಿಲಿಗೆ ಬಂದು ಯಾರ ಹೆಸರು ಹಾಕಲಿ ಅಂತ ಕೇಳಿದ್ರಿ. ಜಂಟಿ ಖಾತೆ ಅಲ್ವಾ, ನನ್ನ ಇಷ್ಟ ಹೇಳಿದೆ. ಅವರೂ ನಿಮ್ಮ ಹಾಗೆ ಇಲ್ಲಿ ಓದಿದವರು, ಇಲ್ಲೇ ನಾಟಕ ಮಾಡಿದವರು. ನಿಮ್ಮ ಹಾಗೆ ಕೂಗಾಡುವುದಿಲ್ಲ ಅಷ್ಟೆ.’

ಸಮಾಧಾನವಾಯಿತು. ನಾಳೆ ಬೆಳಿಗ್ಗೆ ಲಾಕ್ ಬಿಡುತ್ತದೆ, ಮತ್ತೆ ಮೂರು ಸಲ ಅವಕಾಶ. ಕೈ ತೊಳೆಯುವಾಗ ಹೊಳೆಯಿತು. ಊರ ಕಡೆ ಅನಂತ್ ಅಂತ ಇಂಗ್ಲಿಷಿನಲ್ಲಿ ಬರೆದರೆ ಟಿ ಆದಮೇಲೆ ಎಚ್ ಇರಲೇಬೇಕು. ಮುಂಬಯಿಯಲ್ಲಿ ಆ ಎಚ್ ಹಾಕಿದರೆ ಅನಂಥ್ ಅಂತ ಓದಿ ನಗುತ್ತಾರೆ. ಹನ್ನೆರಡು ವರ್ಷದ ಹಿಂದೆ ನಾನು ಎಷ್ಟು ಊರಿನವನಾಗಿದ್ದೆ, ಎಷ್ಟು ಇಲ್ಲಿಯವನಾಗಿದ್ದೆ?

‘ಎಚ್ ಹಾಕಿದ್ದೆನಾ?’ ಅಂತ ಕೇಳಿದೆ.

‘ಅದೆಲ್ಲ ನಂಗೊತ್ತಿಲ್ಲ. ಕಾವಲಿ ಮೇಲೆ ನೀರ್ದೋಸೆ ಇತ್ತು,’ ಅಂದಳು.