ಬೇಕಾಗಿದ್ದಾನೆ: ಪ್ಲಾಸ್ಟಿಕ್ ಇಲ್ಲದ ಮನುಷ್ಯ

ಒಬ್ಬ ಮನುಷ್ಯ ತುರ್ತಾಗಿ ಬೇಕಾಗಿದ್ದಾನೆ. ವಿದ್ಯೆ, ಅನುಭವ, ರೂಪ ಯಾವುದೂ ಕಡ್ಡಾಯವಲ್ಲ. ಮೈಯೊಳಗೆ ಪ್ಲಾಸ್ಟಿಕ್ ಇರಬಾರದು, ಅಷ್ಟೇ.

ಕೆಲಸವೂ ಹಗುರ. ಸುಮ್ಮನೆ ಪಕ್ಕದಲ್ಲಿ ನಿಂತರಾಯಿತು. ಮೈಕ್ರೋಪ್ಲಾಸ್ಟಿಕ್, ಅಂದರೆ 5 ಮಿಲಿಮೀಟರಿಗಿಂತ ಚಿಕ್ಕ ಚೂರು, ದೇಹಕ್ಕೆ ಏನು ಮಾಡುತ್ತದೆ ಎಂದು ಖಚಿತವಾಗಿ ಹೇಳಬೇಕಾದರೆ ಅದು ಹೊಕ್ಕವನನ್ನು ಹೊಗದವನ ಜೊತೆ ಹೋಲಿಸಬೇಕಲ್ಲ? ಹೊಕ್ಕವರು ಬೇಕಾದಷ್ಟಿದ್ದಾರೆ. ಹೊಗದವನೇ ಪತ್ತೆಯಿಲ್ಲ. ಅವನು ಸಿಗುವ ತನಕ ‘ಹಾನಿ ಸಾಬೀತಾಗಿಲ್ಲ’ ಎನ್ನುತ್ತ ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಪ್ಲಾಸ್ಟಿಕ್ ತಯಾರಿಸುತ್ತಿರಬಹುದು. ಅವನು ಸಿಗದಂತೆ ನೋಡಿಕೊಳ್ಳುತ್ತಿರುವುದೂ ಅದೇ 40 ಕೋಟಿ ಟನ್. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹುಡುಕದೆ ಬಿಟ್ಟಿಲ್ಲ. 2022ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು 22 ಮಂದಿಯ ರಕ್ತ ನೋಡಿದರು; 17 ಮಂದಿ ಅನುತ್ತೀರ್ಣ. ಐವರು ಉಳಿದರಲ್ಲ ಎಂದು ಹಿಗ್ಗಬೇಡಿ. 700 ನ್ಯಾನೋಮೀಟರಿಗಿಂತ ಸಣ್ಣ ಕಣ ಆ ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ಹೋಗಲಿ, ಇನ್ನೂ ಹುಟ್ಟದ ಕೂಸು? ಇಟಲಿಯಲ್ಲಿ ಆರು ಬಾಣಂತಿಯರ ಮಾಸು ಪರೀಕ್ಷಿಸಿದಾಗ ನಾಲ್ಕರಲ್ಲಿ ಚೂರುಗಳಿದ್ದವು. ತೊಟ್ಟಿಲಿಗೆ ಮೊದಲೇ ಆಟಿಕೆ ಬಂದಿತ್ತು.

ಸತ್ತವರನ್ನು ಕೇಳೋಣವೆಂದರೆ, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2016ರ ಮಿದುಳಿಗಿಂತ 2024ರ ಮಿದುಳಲ್ಲಿ ಸುಮಾರು ಒಂದೂವರೆ ಪಟ್ಟು ಪ್ಲಾಸ್ಟಿಕ್. ಆ ಪರೀಕ್ಷೆಯ ವಿಧಾನದಲ್ಲಿ ಮಿದುಳಿನ ಕೊಬ್ಬೂ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನಂತೆ ತೋರಬಹುದು ಎಂದು ಬೇರೆ ವಿಜ್ಞಾನಿಗಳ ತಕರಾರು. ನ್ಯಾಯವಾದ ತಕರಾರೇ. ಆದರೂ ಮಿದುಳು ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಪಂಚಾಯಿತಿ ಕೂರಿಸುವ ಹಂತಕ್ಕೆ ಮನುಷ್ಯಕುಲ ಬಂತಲ್ಲ, ಅದನ್ನು ಮೆಚ್ಚಬೇಕು.

ಇಟಲಿಯಲ್ಲೇ 2024ರಲ್ಲಿ ಒಂದು ಸುಳಿವು ಸಿಕ್ಕಿತು. ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಯಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು. ‘ಇಲ್ಲದವರು’ ಅಂದರೆ ಆ ಗಡ್ಡೆಯಲ್ಲಿ ಕಾಣದವರು. ಉಳಿದ ಮೈಯನ್ನು ಯಾರೂ ಜಾಲಾಡಿಲ್ಲ. ಇದರಿಂದ ಕಾರಣ ಸಾಬೀತಾಗದು ಎಂದು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದರು. ಆ ಒಂದು ವಾಕ್ಯ ಓದಿ ಎಷ್ಟು ಜನ ನೆಮ್ಮದಿಯಾಗಿ ನಿದ್ದೆ ಮಾಡಿದರೋ!

2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ದೇಶದೇಶದವರು ಸೇರಿ, ತಯಾರಿಕೆಗೇ ಮಿತಿ ಹಾಕಬೇಕೋ ಕಸ ನಿಭಾಯಿಸಿದರೆ ಸಾಕೋ ಎಂದು ಜಗ್ಗಾಡಿ, ಒಪ್ಪಂದವಿಲ್ಲದೆ ಎದ್ದರು. ಕಸದ ಚಿಂತೆ ಅವರಿಗೇಕೆ? ಹತ್ತರಲ್ಲಿ ಒಂದು ಪಾಲೂ ಮರುಬಳಕೆಯಾಗದಿದ್ದರೇನು, ಒಂದಿಷ್ಟನ್ನು ನಾವೇ ಒಳಗಿಟ್ಟುಕೊಂಡಿದ್ದೇವೆ. ಬಾಡಿಗೆಯನ್ನೂ ಕೇಳಿಲ್ಲ.

ಅಭ್ಯರ್ಥಿಗಳ ಗಮನಕ್ಕೆ: ಸಂದರ್ಶನಕ್ಕೆ ಪಾಲಿಯೆಸ್ಟರ್ ಬಟ್ಟೆ ತೊಟ್ಟು ಬರಬಾರದು. ಟೈರು ಸವೆಯುವ ರಸ್ತೆ ಹಿಡಿಯಬಾರದು. ಬಾಯಾರಿದರೆ ಬಾಟಲಿ ನೀರು ಮುಟ್ಟಬಾರದು. ಅಮೆರಿಕದಲ್ಲಿ ಎಣಿಸಿದಾಗ ಲೀಟರಿಗೆ ಸರಾಸರಿ 2,40,000 ಕಣ ಸಿಕ್ಕಿವೆ. ಉಸಿರು ಬಿಗಿಹಿಡಿದು ಬಂದವರಿಗೆ ಆದ್ಯತೆ.

ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ: 1950ರ ಸುಮಾರಿಗೆ ಮುಗಿದಿದೆ.