ಬೆಣ್ಣೆ ದೋಸೆ ಊರಲ್ಲಿ ಬೆಣ್ಣೆ ಹೊಗೆ

ಹೋದ ತಿಂಗಳು ನಮ್ಮಕ್ಕ ಒಂದು ಪ್ರಿಂಟ್ ತೆಗೆಸೋಕೆ ಅಂತ ವಿದ್ಯಾನಗರದ ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ಮಗನ ಟೇಬಲ್ ಮೇಲೆ ಪೆನ್‌ಡ್ರೈವ್ ತರದ್ದೊಂದು ಬಿದ್ದಿತ್ತು. ಆಧಾರ್ ಕಾರ್ಡನ್ನು ಅವನು ಅದರಲ್ಲೇ ಹಾಕಿಟ್ಟಿರಬೇಕು ಅಂದುಕೊಂಡು ಅದನ್ನೇ ಪರ್ಸಿಗೆ ಹಾಕಿಕೊಂಡು ಹೋಗಿದ್ದಾಳೆ. ಅಂಗಡಿ ಹುಡುಗ ತಿರುಗಿಸಿ ನೋಡಿದ, ಮೂಗಿನ ಹತ್ತಿರ ಹಿಡಿದ, ಆಮೇಲೆ ಬಹಳ ಮರ್ಯಾದೆಯಿಂದ ವಾಪಸ್ ಕೊಟ್ಟ. "ಅಕ್ಕಾರೆ, ಇದ್ರಾಗೆ ಫೈಲ್ ಇಲ್ಲ. ಮಾವಿನಹಣ್ಣು ಐತೆ."

ಅದು ವೇಪ್, ಅಂದರೆ ಬ್ಯಾಟರಿಯಿಂದ ಹೊಗೆ ಬಿಡೋ ಇ-ಸಿಗರೇಟು, ಮಾವಿನ ಘಮದ್ದು. ಅಕ್ಕ ಮನೆಗೆ ಬಂದವಳೇ ನನಗೆ ಫೋನ್ ಮಾಡಿದಳು. ಮಗ ಕೆಟ್ಟ ಅಂತ ಅಳ್ತಾಳೇನೋ ಅಂದುಕೊಂಡೆ. ಇಲ್ಲ. "ಹಣ್ಣಿಂದು ಅಂದ್ರೆ ಒಳ್ಳೇದೇ ಇರ್ಬೇಕಲ್ವೇನೋ?" ಅಂದಳು.

ಅವಳದ್ದೇನೂ ತಪ್ಪಿಲ್ಲ ಬಿಡಿ. ನಮ್ಮ ದಾವಣಗೆರೆಯಲ್ಲಿ ಚಟವನ್ನು ಅಳೆಯೋದು ಮೂಗಿನಿಂದ. ಬೀಡಿ ಹಚ್ಚಿದ ಅಜ್ಜ ದೋಸೆ ಹೋಟೆಲ್ ಬಾಗಿಲಲ್ಲಿ ನಿಂತರೆ "ಆಚೆ ಹೋಗಜ್ಜ" ಅಂತ ನಾಲ್ಕು ಜನ ಗದರುತ್ತಾರೆ. ಅಲ್ಲೇ ಪಕ್ಕದಲ್ಲಿ ಕಾಲೇಜು ಹುಡುಗ ಸ್ಟ್ರಾಬೆರಿ ಮೋಡ ಬಿಟ್ಟರೆ, ಯಾರೋ ಸೆಂಟ್ ಹಾಕ್ಕೊಂಡು ಬಂದಿದ್ದಾರೆ ಅಂತ ಅದೇ ನಾಲ್ಕು ಜನ ಮೂಗು ಅರಳಿಸುತ್ತಾರೆ. ಮಿಲ್ಲಿನ ಹೊಗೆ, ಮಂಡಕ್ಕಿ ಭಟ್ಟಿಯ ಹೊಗೆ ಕುಡಿದು ಬೆಳೆದ ಊರು ಇದು. ಕಣ್ಣು ಉರಿಸದ ಹೊಗೆಯನ್ನು ನಾವು ಹೊಗೆ ಅಂತ ಒಪ್ಪುವುದೇ ಇಲ್ಲ.

ಇನ್ನು ಕಾನೂನು. ಇ-ಸಿಗರೇಟನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಮಾಡಿದೆ. ತಯಾರಿಸಬಾರದು, ತರಿಸಬಾರದು, ಸಾಗಿಸಬಾರದು, ಮಾರಬಾರದು, ದಾಸ್ತಾನು ಇಡಬಾರದು, ಜಾಹೀರಾತೂ ಕೊಡಬಾರದು. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನಿಕೋಟಿನ್ ಇಲ್ಲದ್ದು ಅಂತ ಹೇಳಿದರೂ ಬಿಡುವುದಿಲ್ಲ. ಆದರೆ ಈ ಉದ್ದ ಪಟ್ಟಿಯಲ್ಲಿ ಒಂದೇ ಒಂದು ಕೆಲಸ ಇಲ್ಲ: ಊದುವುದು. ಅಂದರೆ ಯಾರೂ ಮಾಡದ, ಯಾರೂ ತರದ, ಯಾರೂ ಮಾರದ ಸಾಮಾನು ಹುಡುಗರ ಜೇಬಿನಲ್ಲಿ ತಾನಾಗಿ ಮೊಳಕೆ ಒಡೆಯುತ್ತದೆ ಅಂತ ಆಯ್ತು. ನಮಗೇನೂ ಇದು ಹೊಸದಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಾಗ ಅಂಗಡಿಯವರು ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ ಕೊಟ್ಟರು. ಕಾನೂನೂ ಉಳಿಯಿತು, ಅಂಗೈಯೂ ಕೆಂಪಾಯಿತು.

ಮಜಾ ಏನು ಗೊತ್ತಾ? ಕಾನೂನು ಒಪ್ಪಿದ ಸಿಗರೇಟ್ ಪ್ಯಾಕಿನ ಮೇಲೆ ಶೇಕಡಾ 85 ಭಾಗ ಕೊಳೆತ ಬಾಯಿ, ಹುಣ್ಣಿನಂಥ ಚಿತ್ರ, ಎಚ್ಚರಿಕೆಯ ಮಾತು ಹಾಕಲೇಬೇಕು. ನಿಷೇಧವಾದ ವೇಪ್‌ಗೆ ಆ ನಿಯಮ ಯಾರು ಹೇಳಬೇಕು? ಅದು ಇಲ್ಲವೇ ಇಲ್ಲವಲ್ಲ! ಹಾಗಾಗಿ ಅದರ ಮೇಲೆ ಮಾವಿನಹಣ್ಣಿನ ಚಿತ್ರ.

ಭಾನುವಾರ ಅಳಿಯನನ್ನು ಕೂರಿಸಿಕೊಂಡು ವಿಚಾರಿಸಿದೆ. "ಮಾಮ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ, ಅದು ಬರೀ ಆವಿ" ಅಂದ. ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಹೇಳಿದ. ಆವಿಯಂತೆ! ಗಣೇಶನ ಆರ್ಕೆಸ್ಟ್ರಾದಲ್ಲಿ ಸ್ಟೇಜ್ ಮೇಲೆ ಬಿಡೋ ಹೊಗೆ ಇದೆಯಲ್ಲ, ಅದಕ್ಕೆ ಹಾಕುವ ಗ್ಲೈಕಾಲ್ ಜಾತಿಯ ದ್ರಾವಣವೇ ಇದರಲ್ಲೂ ಇರೋದು. ಜೊತೆಗೆ ಗ್ಲಿಸರಿನ್, ನಿಕೋಟಿನ್, ಪರಿಮಳದ ಕೆಮಿಕಲ್. ಇವನ್ನೆಲ್ಲ ಬಕೆಟ್ ನೀರು ಕಾಯಿಸೋ ಕಾಯಿಲ್‌ನ ಮರಿಮಗನಂಥ ಒಂದು ತಂತಿ ಕಾಯಿಸುತ್ತದೆ. ತಂತಿ ಕಾದಾಗ ನಿಕಲ್, ಕ್ರೋಮಿಯಂ ಚೂರು ಚೂರೇ ಬಿಡುತ್ತದೆ. ದ್ರಾವಣ ಜಾಸ್ತಿ ಕಾದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೆಡದ ಹಾಗೆ ಇಡೋ ಫಾರ್ಮಾಲಿನ್ ಇದೆಯಲ್ಲ, ಅದರ ಮೂಲ ಇದೇ. ನಮ್ಮೂರಲ್ಲಿ ಮೆಡಿಕಲ್ ಕಾಲೇಜಿಗೇನು ಬರವೇ, ಅಷ್ಟೊಂದು ಇಷ್ಟ ಇದ್ದರೆ ಅಲ್ಲೇ ಹೋಗಿ ವಾಸನೆ ನೋಡಿ ಬರಬಹುದಿತ್ತು.

ನನಗೆ ನಿಜವಾಗಿ ಹೊಟ್ಟೆ ಉರಿದಿದ್ದು ಮಾತ್ರ ಬೆಣ್ಣೆ ವಿಷಯಕ್ಕೆ. ಡಯಾಸಿಟೈಲ್ ಅಂತ ಒಂದು ವಸ್ತು ಇದೆ. ಬೆಣ್ಣೆಗೆ ಬೆಣ್ಣೆ ಘಮ ಬರೋದು ಅದರಿಂದಲೂ ಹೌದು. ತಿಂದರೆ ತೊಂದರೆ ಇಲ್ಲ. 2000ದಲ್ಲಿ ಅಮೆರಿಕದ ಮಿಸೌರಿಯ ಒಂದು ಪಾಪ್‌ಕಾರ್ನ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಉಸಿರೇ ಹತ್ತದ ಹಾಗೆ ಆಗಿರುವುದು ಬೆಳಕಿಗೆ ಬಂತು. ಅವರು ಬೆಣ್ಣೆ ತಿಂದಿರಲಿಲ್ಲ, ಬೆಣ್ಣೆ ಫ್ಲೇವರಿನ ಆವಿ ಕುಡಿದಿದ್ದರು. ಶ್ವಾಸಕೋಶದ ತುದಿಯ ಸಣ್ಣ ಸಣ್ಣ ನಾಳಗಳು ಗಾಯವಾಗಿ, ಗಂಟು ಕಟ್ಟಿ ಮುಚ್ಚಿಕೊಂಡವು. ಅವು ಮತ್ತೆ ತೆರೆಯುವುದಿಲ್ಲ. ಆ ರೋಗಕ್ಕೆ ಪಾಪ್‌ಕಾರ್ನ್ ಲಂಗ್ ಅಂತ ಅಡ್ಡಹೆಸರು ಬಿತ್ತು. ಪಾಪ್‌ಕಾರ್ನ್ ಅಂದ್ರೆ ಅವರ ಮಂಡಕ್ಕಿ ಅಂದುಕೊಳ್ಳಿ. 2015ರಲ್ಲಿ ಹಾರ್ವರ್ಡ್‌ನವರು 51 ಬಗೆಯ ವೇಪ್ ಫ್ಲೇವರ್ ಪರೀಕ್ಷೆ ಮಾಡಿದಾಗ 39ರಲ್ಲಿ ಈ ಡಯಾಸಿಟೈಲ್ ಸಿಕ್ಕಿತು. ವೇಪ್‌ನಿಂದಲೇ ಆ ರೋಗ ಬರುತ್ತದೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಳಿಯ ಅದೊಂದನ್ನೇ ಹಿಡಿದು ಜಗ್ಗುತ್ತಾನೆ. ಆದರೂ ಕೇಳಿ: ಕಾವಲಿ ಮೇಲೆ ಬೆಣ್ಣೆ ಕರಗೋ ಸದ್ದು ಬೀದಿಗೇ ಕೇಳಿಸೋ ಊರಲ್ಲಿ ಹುಟ್ಟಿ, ಸುಳ್ಳು ಬೆಣ್ಣೆಯನ್ನು, ಅದೂ ಮೂಗಿನಿಂದ ತಿನ್ನೋ ಗತಿ ಯಾಕೆ ಬಂತು?

ವಿಟಮಿನ್ ಇ ಕಥೆಯೂ ಹೀಗೇ. ಮಾತ್ರೆ ಮಾಡಿ ನುಂಗ್ತಾರೆ, ಮುಖಕ್ಕೆ ಹಚ್ಕೋತಾರೆ. 2019ರಲ್ಲಿ ಅಮೆರಿಕದಲ್ಲಿ ಗಾಂಜಾ ರಸದ ವೇಪ್‌ಗೆ ಅದರ ಎಣ್ಣೆಯನ್ನು ಬೆರೆಸಿ ಮಾರಿದರು. ವೇಪ್ ಎಳೆದು ಶ್ವಾಸಕೋಶ ಕೆಡಿಸಿಕೊಂಡು 2020ರ ಫೆಬ್ರುವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು, 68 ಜನ ಸತ್ತಿದ್ದರು. ಮುಖ್ಯ ಆರೋಪಿ ಆ ಎಣ್ಣೆಯೇ. ಹೊಟ್ಟೆಗೆ ಹೋಗೋ ದಾರಿ ಬೇರೆ, ಎದೆಗೆ ಹೋಗೋ ದಾರಿ ಬೇರೆ. ಶ್ವಾಸಕೋಶಕ್ಕೆ ಜೀರ್ಣ ಮಾಡಿಕೊಳ್ಳೋಕೆ ಬರುವುದಿಲ್ಲ ಪಾಪ.

"ಅದರಲ್ಲಿ ನಿಕೋಟಿನ್ 5 ಪರ್ಸೆಂಟ್ ಅಷ್ಟೇ ಮಾಮ" ಅಂದ ಅಳಿಯ, ಜಿಎಸ್‌ಟಿ ಕಮ್ಮಿ ಇದೆ ಅನ್ನೋ ಧಾಟಿಯಲ್ಲಿ. ಇಂಜಿನಿಯರಿಂಗ್ ಓದುವ ಹುಡುಗ, ಲೆಕ್ಕ ಮಾಡು ಅಂದೆ. ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ. 2 ಮಿಲಿಲೀಟರ್ ಡಬ್ಬಿ ಅಂದರೆ 100. ಒಂದು ಸಿಗರೇಟಿನಿಂದ ಮೈಗೆ ಸೇರೋದು 1 ರಿಂದ 2 ಮಿಲಿಗ್ರಾಂ. ಬೀಡಿಗಾದರೆ ಮೋಟು ಅಂತ ಒಂದಿರುತ್ತದೆ, ಬೆರಳು ಸುಟ್ಟಾಗ ಬಿಸಾಕುತ್ತಾರೆ. ಇದಕ್ಕೆ ಮೋಟೇ ಇಲ್ಲ. ಗಂಟಲಾದರೂ ಕೆಮ್ಮಿ ಬೈಯಬೇಕಿತ್ತು. ಅದಕ್ಕೂ ಒಂದು ಆಮ್ಲ ಬೆರೆಸಿ ಹೊಗೆಯನ್ನು ನುಣುಪು ಮಾಡಿದ್ದಾರೆ, ಕಾವಲುಗಾರನ ಕೈ ಬಿಸಿ ಮಾಡಿದ ಹಾಗೆ. ಒಳಗೆ ಎದೆಬಡಿತ ಏರಲಿ, ಬಿಪಿ ಏರಲಿ, 25ರವರೆಗೂ ಬೆಳೆಯೋ ಮಿದುಳು ಚಟಕ್ಕೆ ಬಗ್ಗಲಿ, ಹೊರಗೆ ಮಾತ್ರ ಮಾವಿನ ಘಮ.

ಅಳಿಯ ಸುಮ್ಮನಾದ. ಮೊನ್ನೆ ದುರ್ಗದ ಕೋಟೆ ಹತ್ತುವಾಗಲೂ ಹೀಗೇ ಸುಮ್ಮನಾಗಿದ್ದ. ಓಬವ್ವನ ಕಿಂಡಿಯ ಹತ್ತಿರ ಐವತ್ತೆಂಟರ ನಾನು ಮುಂದೆ, ಇಪ್ಪತ್ತರ ಅವನು ಮೊಣಕಾಲು ಹಿಡಿದು ಹಿಂದೆ. ಕೇಳಿದರೆ ನೆಟ್‌ವರ್ಕ್ ಹುಡುಕ್ತಿದ್ದೀನಿ ಅಂದಿದ್ದ.

ಕೊನೆಗೆ ಅಕ್ಕ ಆ ಡಬ್ಬಿಯನ್ನು ಕಿತ್ತುಕೊಂಡು ಬೀರುವಿನಲ್ಲಿ, ಬಂಗಾರದ ಸರದ ಪಕ್ಕದಲ್ಲಿಟ್ಟು ಬೀಗ ಹಾಕಿದಳು. ನಾನು ಸುಮ್ಮನಿರಬೇಕಿತ್ತು. "ಅಕ್ಕ, ಊದಿದ ನಿನ್ನ ಮಗನಿಗೆ ಏನೂ ಇಲ್ಲ. ಗೊತ್ತಿದ್ದೂ ಜಾಗ ಕೊಟ್ಟು ದಾಸ್ತಾನು ಇಡಿಸಿಕೊಂಡವರಿಗೆ 6 ತಿಂಗಳವರೆಗೆ ಜೈಲು, ಇಲ್ಲಾ 50,000 ದಂಡ ಅಂತ ಬರೆದಿದ್ದಾರೆ. ಒಂದು ಡಬ್ಬಿ ದಾಸ್ತಾನು ಆಗುತ್ತೋ ಇಲ್ವೋ ವಕೀಲರನ್ನ ಕೇಳ್ಬೇಕು" ಅಂದೆ.

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಬೀರು ಬೀಗ ತೆಗೆದು, ಸರ ತನ್ನ ಕೊರಳಿಗೆ ಹಾಕಿಕೊಂಡು, ಡಬ್ಬಿಯನ್ನು ನನ್ನ ಅಂಗಿ ಜೇಬಿಗೆ ಇಳಿಸಿದಳು.

"ಹೋಗ್ತಾ ನೀನೇ ಒಯ್ದು ಎಲ್ಲಾದ್ರೂ ಬಿಸಾಕು. ನಿನಗೆ ಕಾನೂನು ಗೊತ್ತೈತಲ್ಲ."